ಇಳಿಯುವಾಗಿನ ಬಾಕಿ

ನೋಟನ್ನು ಉದ್ದಕ್ಕೆ ಮಡಚಿ ಎಡಗೈಯ ಬೆರಳ ಸಂದಿನಲ್ಲಿ ಸಿಕ್ಕಿಸಿಕೊಳ್ಳದೆ ದೂಮಪ್ಪಣ್ಣ ಯಾರಿಗೂ ಹಣ ಕೊಟ್ಟದ್ದನ್ನು ನಾನು ಕಂಡಿಲ್ಲ. ಮೀನು ಕೊಳ್ಳುವಾಗಲೂ ಅಷ್ಟೆ, ಭಜನಾಮಂದಿರದ ಕಾಣಿಕೆ ಡಬ್ಬಿಯ ಎದುರು ನಿಂತಾಗಲೂ ಅಷ್ಟೆ. ಹತ್ತರ ನೋಟು ತೋರುಬೆರಳಿನ ಬದಿಗೆ, ಇಪ್ಪತ್ತರದ್ದು ಅದರಾಚೆ, ಐವತ್ತು ಮತ್ತು ನೂರು ಕಿರುಬೆರಳಿನತ್ತ. ಉಪ್ಪಳದಿಂದ ಬಾಯಾರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಕಳೆದ ಆ ಕೈಗೆ, ನಿವೃತ್ತಿಯ ಮೇಲೂ ಬಸ್ಸಿನಿಂದ ಇಳಿಯಲು ಬಂದಿರಲಿಲ್ಲ. ಆ ಕೈಯನ್ನು ಬರಿದು ಮಾಡಿ ಕಳುಹಿಸಿದವನ ಹೆಸರು ಗಂಗಾಧರ. ಸತ್ತವರ ಬಗ್ಗೆ ಬರೆಯುವಾಗ ಬದುಕಿರುವವರನ್ನು ಹೆಸರಿಸಬಾರದೆಂಬ ಸಭ್ಯತೆಯೊಂದು ಇದೆಯೆಂದು ನನಗೆ ಗೊತ್ತು. ಆ ಸಭ್ಯತೆಯಿಂದ ಲಾಭವಾಗುವುದು ಯಾರಿಗೆಂಬುದೂ ಗೊತ್ತು.

ಹಳೆಯ ಭೂದಾಖಲೆಗಳ ಭಾಷೆಯನ್ನು ಅಭ್ಯಾಸ ಮಾಡಿ ನಿವೃತ್ತನಾದವನು ನಾನು. ಎರಡು ಆಧಾರ ಸಿಗದ ಇಸವಿಯನ್ನು ಬರೆಯುವ ರೂಢಿ ನನಗಿಲ್ಲ. ಆದರೆ ದೂಮಪ್ಪಣ್ಣನವರ ಬದುಕಿನಲ್ಲಿ ಇಸವಿಗಳೇ ಇರಲಿಲ್ಲ. ಅವರು ಕಾಲವನ್ನು ಬಸ್ಸಿನ ಕನಿಷ್ಠ ದರದಿಂದ ಅಳೆಯುತ್ತಿದ್ದರು. "ಮಿನಿಮಮ್ ಆರು ಇರುವಾಗ ತಮ್ಮನ ಮಗಳ ಮದುವೆ ಆದದ್ದು." "ಮಿನಿಮಮ್ ಏಳು ಆದ ಮಳೆಗಾಲ ಬಾಯಾರುಪದವಿನಲ್ಲಿ ಮರ ಬಿದ್ದದ್ದು." ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸರಕಾರದ ದರ ಪರಿಷ್ಕರಣೆಯ ಆದೇಶಗಳೊಡನೆ ತಾಳೆ ನೋಡಿದೆ. ಮಿನಿಮಮ್ ಎಂಟಾದದ್ದು ೨೦೧೮ರಲ್ಲಿ, ಹತ್ತಾದದ್ದು ೨೦೨೨ರಲ್ಲಿ. ದೂಮಪ್ಪಣ್ಣನವರ ನೆನಪು ಒಮ್ಮೆಯೂ ಆಚೀಚೆಯಾದದ್ದಿಲ್ಲ. ಹಾಗಾಗಿ ಈ ಬರೆಹದಲ್ಲಿಯೂ ಅವರ ಪಂಚಾಂಗವನ್ನೇ ಅನುಸರಿಸುತ್ತೇನೆ.

ಅವರನ್ನು ನಾನು ಮೊದಲು ಕಂಡದ್ದು ಮಿನಿಮಮ್ ಆರು ಇದ್ದಾಗ. ದಾಖಲೆ ಹುಡುಕಿಕೊಂಡು ಬಾಯಾರಿನ ಕೆಲವು ಮನೆಗಳಿಗೆ ಹೋಗಿಬರುತ್ತಿದ್ದ ಕಾಲ ಅದು. ಎದುರಿನ ಬಾಗಿಲಲ್ಲಿ ಹತ್ತಿದವರು ಯಾವ ಭಾಷೆಯಲ್ಲಿ ಗೊಣಗಿದರೋ ಅದೇ ಭಾಷೆಯಲ್ಲಿ ಅವರಿಗೆ ಉತ್ತರ ಸಿಗುತ್ತಿತ್ತು: ತುಳುವಿಗೆ ತುಳು, ಬ್ಯಾರಿಗೆ ಬ್ಯಾರಿ, ಮಲೆಯಾಳಕ್ಕೆ ಮಲೆಯಾಳ. ನನ್ನಂಥವರಿಗೆ ಕನ್ನಡ. ಚಿಲ್ಲರೆಯಿಲ್ಲದಿದ್ದರೆ ಟಿಕೇಟಿನ ಬೆನ್ನಿಗೆ ಬಾಕಿಯ ಮೊತ್ತ ಬರೆದು, "ಇಳಿಯುವಾಗ ಕೇಳಿ ತೆಗೊಳ್ಳಿ" ಎನ್ನುತ್ತಿದ್ದರು. ಇದು ಎಲ್ಲ ಕಂಡಕ್ಟರುಗಳೂ ಹೇಳುವ ಮಾತು. ಕೇಳದೆ ಇಳಿದವನನ್ನು ಕೂಗಿ ಕರೆಯುವವರು ಕಡಿಮೆ. ದೂಮಪ್ಪಣ್ಣ "ಹೋಲ್ಡಾನ್" ಎಂದು ಬಸ್ಸನ್ನೇ ನಿಲ್ಲಿಸುತ್ತಿದ್ದರು. ಚಾಲಕ ಬೈಯುತ್ತಿದ್ದ. ಇಬ್ಬರು ಪ್ರಯಾಣಿಕರ ಬಾಕಿಯನ್ನು ಒಂದೇ ನೋಟಿನಲ್ಲಿ ಕೊಟ್ಟು "ನೀವು ನೀವು ಮಾಡಿಕೊಳ್ಳಿ" ಎನ್ನುವ ಉಪಾಯ ಈ ದಾರಿಯಲ್ಲಿ ಎಲ್ಲರಿಗೂ ಪರಿಚಿತ. ದೂಮಪ್ಪಣ್ಣ ಅದನ್ನು ಮಾಡುತ್ತಿರಲಿಲ್ಲ. "ಒಬ್ಬರ ಬಾಕಿ ಇನ್ನೊಬ್ಬರ ಹೆಗಲಿಗೆ ಕಟ್ಟುವ ಕ್ರಮ ಇಲ್ಲ ಸರ್" ಎಂಬುದು ಅವರ ಕಾನೂನು.

ನಾನು ಓದುತ್ತಿದ್ದ ದಾಖಲೆಗಳಲ್ಲಿ ಬಾಕಿಯೆಂದರೆ ಒಕ್ಕಲು ಧಣಿಗೆ ಕೊಡಲು ಉಳಿಸಿಕೊಂಡದ್ದು. ಕೆಳಗಿನವನು ಮೇಲಿನವನಿಗೆ ಸಲ್ಲಿಸಬೇಕಾದದ್ದು. ದೂಮಪ್ಪಣ್ಣನವರ ಬಸ್ಸಿನಲ್ಲಿ ಆ ಶಬ್ದ ತಲೆಕೆಳಗಾಗಿತ್ತು: ಬಾಕಿಯೆಂದರೆ ತೆಗೆದುಕೊಂಡವನು ಕೊಟ್ಟವನಿಗೆ ಇಳಿಯುವಾಗ ಹಿಂದಿರುಗಿಸಬೇಕಾದದ್ದು. ಇದನ್ನು ಒಂದು ಟಿಪ್ಪಣಿಯಾಗಿ ಬರೆದಿಟ್ಟುಕೊಂಡಿದ್ದೆ. ಅದು ಒಂದು ದಿನ ಇಷ್ಟು ಕಹಿಯಾಗಿ ಉಪಯೋಗಕ್ಕೆ ಬಂದೀತೆಂದು ಆಗ ಎಣಿಸಿರಲಿಲ್ಲ.

ಬಾಯಾರುಪದವಿನಲ್ಲಿ ಇಳಿಯುವ ಮುದುಕಿಯೊಬ್ಬಳು ಹತ್ತರ ನೋಟು ಕೊಟ್ಟು ನಾಲ್ಕು ರೂಪಾಯಿ ಬಾಕಿ ತೆಗೆದುಕೊಳ್ಳದೆ ಇಳಿದಳು. ಬಸ್ಸು ನಿಲ್ಲುವಷ್ಟರಲ್ಲಿ ಗುಡ್ಡದ ಕಾಲುದಾರಿಯಲ್ಲಿ ಮರೆಯಾಗಿದ್ದಳು. ಮತ್ತೆ ಅವಳು ಬಸ್ಸಿಗೆ ಬರಲೇ ಇಲ್ಲ. ತೀರಿಕೊಂಡಳೆಂಬ ಸುದ್ದಿ ಬಂದಾಗ ದೂಮಪ್ಪಣ್ಣ ತಮ್ಮ ರಜೆಯ ದಿನ ಮನೆ ಹುಡುಕಿಕೊಂಡು ಗುಡ್ಡ ಹತ್ತಿದರು. ಹೆಣ ಸುಟ್ಟ ಮನೆ, ಅಂಗಳದಲ್ಲಿ ಜನ. ಮಗನ ಕೈಗೆ ನಾಲ್ಕು ರೂಪಾಯಿ ಇಟ್ಟರು. ಮಗನಿಗೆ ಅವಮಾನವಾದಂತಾಯಿತು. ಸಾವಿನ ಮನೆಗೆ ಚಿಲ್ಲರೆ ಹಿಡಿದುಕೊಂಡು ಬರುವ ಕಂಡಕ್ಟರನನ್ನು ಎಲ್ಲಿಯೂ ಕಂಡಿಲ್ಲವೆಂದು ಎಲ್ಲರಿಗೂ ಕೇಳುವಂತೆ ಹೇಳಿದನು. ದೂಮಪ್ಪಣ್ಣ ಹೇಳಿದ್ದು ಇಷ್ಟು: "ಚಿಲ್ಲರೆ ಅಲ್ಲ ಮಾರಾಯ. ನಿನ್ನ ಅಮ್ಮನ ಬಾಕಿ." ಈ ಪ್ರಸಂಗವನ್ನು ದೂಮಪ್ಪಣ್ಣ ನನಗೆ ಹೇಳಿದ್ದಲ್ಲ. ಆ ಮಗನೇ, ಹಲವು ವರ್ಷಗಳ ಬಳಿಕ, ನಾಚಿಕೆಯಿಂದ ಹೇಳಿದ್ದು. ಆಮೇಲೆ ದೂಮಪ್ಪಣ್ಣನವರನ್ನು ಕೇಳಿದೆ. "ಹೌದು, ನಾಲ್ಕೇ" ಎಂದರು.

ಮಿನಿಮಮ್ ಏಳರ ಕೊನೆಗೆ ಅವರು ಮತ್ತು ಅವರ ಹೆಂಡತಿ ಲೀಲಕ್ಕ ಕುಂಬಳೆಯಲ್ಲಿ ನಮ್ಮ ಮನೆಯ ಪಕ್ಕದ ಕ್ವಾರ್ಟರ್ಸಿಗೆ ಬಾಡಿಗೆಗೆ ಬಂದರು. ನಮ್ಮ ಕಡೆ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಟ್ಟರೆ ಅದು ಸರಕಾರದ್ದಲ್ಲದಿದ್ದರೂ ಕ್ವಾರ್ಟರ್ಸೇ. ಇದು ಕೆಳಗೆ ಎರಡು ಮನೆ, ಮೇಲೆ ಎರಡು ಮನೆಯ ಕಟ್ಟಡ; ಇವರದ್ದು ಮೇಲಿನದೊಂದು, ಅಲ್ಲಿಗೆ ಹತ್ತಲು ಹೊರಗಡೆ ಹಿಡಿಗಂಬಿಯಿಲ್ಲದ ಮೆಟ್ಟಿಲು. ಕಟ್ಟಿಸಿದವನು ಗಂಗಾಧರ. ಗಲ್ಫಿನಲ್ಲಿ ದುಡಿದು ಬಂದವನು, ದೂಮಪ್ಪಣ್ಣನವರಂತೆಯೇ ಮನೆಯಲ್ಲಿ ತುಳು ಮಾತನಾಡುವವನು, ಮಾತು ಮಾತಿಗೆ "ನಾವು ನಾವು ಅಲ್ವಾ ದೂಮಣ್ಣ" ಎನ್ನುವವನು. ಐವತ್ತು ಸಾವಿರ ಅಡ್ವಾನ್ಸ್. ನಿವೃತ್ತಿಯ ಹೊತ್ತಿಗೆ ಬಸ್ಸಿನ ಯಜಮಾನ ಕೊಟ್ಟದ್ದರಲ್ಲಿ ಹೆಚ್ಚಿನ ಪಾಲು ಅದಕ್ಕೆ ಹೋಯಿತು. ಕರಾರುಪತ್ರ ಮಲೆಯಾಳದಲ್ಲಿತ್ತು. ದೂಮಪ್ಪಣ್ಣನವರಿಗೆ ಮಲೆಯಾಳ ನಾಲಿಗೆಯ ಮೇಲಿತ್ತು, ಕಣ್ಣಿನಲ್ಲಿರಲಿಲ್ಲ. ಓದಿದ್ದು ಕನ್ನಡ ಶಾಲೆಯಲ್ಲಿ. ಗಂಗಾಧರ ಓದಿ ಹೇಳಿದ. ಇವರು ಕನ್ನಡದಲ್ಲಿ ಸಹಿ ಹಾಕಿದರು. ಈ ಜಿಲ್ಲೆಯಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮಲ್ಲಿ ಅರ್ಧ ಊರು ಸಹಿ ಹಾಕುವುದೇ ಕಿವಿಯ ಭರವಸೆಯಲ್ಲಿ.

ಬಾಡಿಗೆ ಮನೆಯಲ್ಲಿಯೂ ಅವರು ಕಂಡಕ್ಟರಾಗಿಯೇ ಬದುಕಿದರು. "ಬಸ್ಸು ಮುದಲಾಳಿಯದ್ದು, ಟ್ರಿಪ್ ಮಾತ್ರ ನಮ್ಮದು" ಎನ್ನುತ್ತಿದ್ದರು; ಮುದಲಾಳಿಯೆಂದರೆ ಯಜಮಾನ. ಆ ಮನೆಯ ಗೋಡೆಗೆ ಅವರು ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕ್ಯಾಲೆಂಡರು ಕಿಟಕಿಯ ಸರಳಿಗೆ ನೂಲಿನಿಂದ ತೂಗುತ್ತಿತ್ತು. ದೇವರ ಪಟಗಳು ಅಕ್ಕಿಡಬ್ಬಿಯ ಮೇಲೆ ಗೋಡೆಗೆ ಒರಗಿ ನಿಂತಿದ್ದವು. ಅಕ್ಕಿ ತೆಗೆಯುವಾಗಲೆಲ್ಲ ದೇವರು ನೆಲಕ್ಕೆ ಇಳಿಯಬೇಕು. ಲೀಲಕ್ಕ ನಮ್ಮ ಮನೆಯ ಆವರಣಗೋಡೆಗೆ ಒರಗಿ ನನ್ನ ಹೆಂಡತಿಯೊಡನೆ ದೂರುತ್ತಿದ್ದಳು: "ಸೀರೆ ಒಣಗಿಸುವ ಬಳ್ಳಿ ಕಟ್ಟಲಿಕ್ಕೂ ಇವರ ಹತ್ತಿರ ಟಿಕೇಟ್ ತೆಗೆಯಬೇಕು. ನಾನು ಈ ಮನೆಯಲ್ಲಿ ಸ್ಟ್ಯಾಂಡಿಂಗ್ ಪ್ಯಾಸೆಂಜರ್."

ಒಂದು ಮಳೆಗಾಲ ತಾರಸಿ ಸೋರಿತು. ಗಂಗಾಧರ ನಾಳೆ ಬರುತ್ತೇನೆಂದ. ಆ ನಾಳೆ ಬರಲಿಲ್ಲ. ದೂಮಪ್ಪಣ್ಣ ತಮ್ಮ ಕೈಯಿಂದಲೇ ಹಣ ಹಾಕಿ ಗಾರೆಯವನನ್ನು ಕರೆಸಿ ಬಿರುಕು ಮುಚ್ಚಿಸಿದರು. ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಎಂದೆ. "ದಾರಿಯಲ್ಲಿ ಟಯರ್ ಪಂಚರ್ ಆದ್ರೆ ಮುದಲಾಳಿ ಬರುವವರೆಗೆ ಕಾಯ್ಲಿಕ್ಕೆ ಆಗ್ತದಾ ಸರ್" ಎಂದರು. ನನಗೆ ಆಗಲೇ ಸಿಟ್ಟು ಬಂದಿತ್ತು. ಸಜ್ಜನಿಕೆಗೂ ಒಂದು ಮಿತಿ ಬೇಕು. ಇಲ್ಲವಾದರೆ ಅದು ಪಕ್ಕದವನ ದುರಾಸೆಗೆ ಗೊಬ್ಬರವಾಗುತ್ತದೆ.

ಮಿನಿಮಮ್ ಹತ್ತಾಗುವ ಹೊತ್ತಿಗೆ ಲೀಲಕ್ಕನ ಮೊಣಗಂಟು ಸಂಪೂರ್ಣ ಹೋಗಿತ್ತು. ಹಿಡಿಗಂಬಿಯಿಲ್ಲದ ಆ ಮೆಟ್ಟಿಲನ್ನು ಅವಳು ಗೋಡೆಗೆ ಬಲಗೈ ಊರಿ, ಒಂದು ಕಾಲು ಎತ್ತಿ, ನಿಂತು, ಇನ್ನೊಂದು ಎಳೆದು ಹತ್ತುತ್ತಿದ್ದಳು. ತೆಂಗಿನೆಣ್ಣೆ ಹಚ್ಚಿ ಮೊಣಗಂಟು ತಿಕ್ಕಿಕೊಂಡ ಕೈ ಅದು. ಕ್ರಮೇಣ ಆ ಗೋಡೆಯ ಮೇಲೆ, ಸೊಂಟದ ಎತ್ತರದಲ್ಲಿ, ಕೆಳಗಿನಿಂದ ಮೇಲಿನವರೆಗೆ ಮಬ್ಬುಗಪ್ಪಿನ ಒಂದು ಪಟ್ಟಿ ಮೂಡಿತು. ಅದರ ನಡುನಡುವೆ ಅಂಗೈಯ ಗುರುತುಗಳು ದಟ್ಟವಾಗಿದ್ದವು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದ ಜಾಗಗಳವು. ಅವಳ ಬಸ್‌ಸ್ಟಾಪುಗಳೆಂದು ದೂಮಪ್ಪಣ್ಣ ತಮಾಷೆ ಮಾಡುತ್ತಿದ್ದರು.

ಇನ್ನು ಮೆಟ್ಟಿಲು ಕೂಡದೆಂದು ವೈದ್ಯರು ಹೇಳಿದ ಮೇಲೆ ಅವರು ನೆಲಮಟ್ಟದ ಮನೆ ಹುಡುಕತೊಡಗಿದರು. ನಾಯ್ಕಾಪಿನಲ್ಲಿ ಒಂದು ಸಿಕ್ಕಿತು. ನಿವೃತ್ತ ಟೀಚರೊಬ್ಬರದು, ಅಂಗಳಕ್ಕೂ ಜಗಲಿಗೂ ಒಂದೇ ಹೊಸ್ತಿಲ ಅಂತರ, ಬಸ್ಸು ನಿಲ್ಲುವುದು ಗೇಟಿನ ಮುಂದೆ. ಅಲ್ಲಿಯೂ ಐವತ್ತು ಸಾವಿರ ಅಡ್ವಾನ್ಸ್. ಒಂದನೆಯ ತಾರೀಕಿನವರೆಗೆ ಕಾಯುತ್ತೇನೆಂದು ಆಕೆ ಒಪ್ಪಿದರು. ದೂಮಪ್ಪಣ್ಣನವರಿಗೆ ಇದು ತೀರ ಸರಳ ವಿಷಯವಾಗಿ ಕಂಡಿತು: ಇಲ್ಲಿ ಇಳಿಯುವಾಗ ಬಾಕಿ ಸಿಗುತ್ತದೆ, ಅದನ್ನೇ ಕೊಟ್ಟು ಅಲ್ಲಿ ಹತ್ತುವುದು. ಲೀಲಕ್ಕ ಆ ಜಗಲಿಯಲ್ಲಿ ಕುಳಿತು ಬಸ್ಸು ನೋಡುವುದನ್ನು ಈಗಲೇ ಕನಸು ಕಾಣತೊಡಗಿದ್ದಳು. ಹೊರಗೆ ಹೋಗಿ ಬರಲು ಇನ್ನು ಯಾರ ಹೆಗಲೂ ಬೇಡವೆಂದು ನನ್ನ ಹೆಂಡತಿಯೊಡನೆ ಹೇಳಿದ್ದಳು.

ಹಣ ಕೈಗೆ ಬರುವವರೆಗೆ ಬೀಗದ ಕೈ ಕೊಡಬೇಡಿ ಎಂದು ನಾನು ದೂಮಪ್ಪಣ್ಣನವರಿಗೆ ಒಮ್ಮೆಯಲ್ಲ, ಪ್ರತಿದಿನ ಹೇಳಿದ್ದೆ. ಮನೆ ಬಿಡುವ ದಿನ ಗಂಗಾಧರ ಕಾರಿನಿಂದ ಇಳಿದ ಕೂಡಲೇ ದೂಮಪ್ಪಣ್ಣ ಬೀಗದ ಕೈ ಒಪ್ಪಿಸಿಬಿಟ್ಟರು. ಆವರಣಗೋಡೆಯ ಈಚೆ ನಿಂತಿದ್ದ ನಾನು ಹಣೆ ಚಚ್ಚಿಕೊಂಡೆ. ಆಮೇಲೆ ಕೇಳಿದ್ದಕ್ಕೆ ಅವರು ಕೊಟ್ಟ ಸಮಾಧಾನ ಇದು: ಕಡೆಯ ಟ್ರಿಪ್ಪಿನ ಬಳಿಕ ಕಂಡಕ್ಟರ್ ಮೊದಲು ಬ್ಯಾಗು ಒಪ್ಪಿಸಬೇಕು, ಮತ್ತೆ ಸಂಬಳ ಕೇಳಬೇಕು, ಚಾರ್ಜು ಕೊಡದೆ ಲೆಕ್ಕ ಕೇಳುವುದು ಕಳ್ಳರ ಕ್ರಮ. ಜಗತ್ತಿನಲ್ಲಿ ಈ ತಪ್ಪನ್ನು ಮಾಡಬಲ್ಲ ಬಾಡಿಗೆದಾರರು ಬಹಳ ಮಂದಿ ಇರಲಾರರು. ಗಂಗಾಧರನಿಗೆ ಅಂಥ ಒಬ್ಬರು ಸಿಕ್ಕಿದರು.

ಬೀಗದ ಕೈ ಜೇಬಿಗೆ ಹೋದ ಮೇಲೆ ಗಂಗಾಧರ ಹಾಡುಹಗಲು ಫೋನಿನ ಟಾರ್ಚು ಹಚ್ಚಿಕೊಂಡು ಮನೆಯನ್ನು ಪರೀಕ್ಷಿಸಿದ. ಒಳಗೆ ಅವನಿಗೆ ಏನೂ ಸಿಗಲಿಲ್ಲ. ಸಿಗುವುದು ಹೇಗೆ? ಹಿಂದಿನ ದಿನ ದೂಮಪ್ಪಣ್ಣ ನೆಲವನ್ನು ಎರಡು ಸಲ ಒರಸಿದ್ದರು. ಇಳಿದು ಬರುವಾಗ ಅವನು ಮೆಟ್ಟಿಲಿನ ಗೋಡೆಯೆದುರು ನಿಂತ.

"ದೂಮಣ್ಣ, ಇದೆಂತದು?"

"ಲೀಲನ ಕೈ."

"ಕೈ ಅಂತ ನನಗೂ ಗೊತ್ತಾಗ್ತದೆ. ಪೈಂಟ್ ಹೋಯ್ತಲ್ಲ."

ಒಂದು ಗೋಡೆಗೆ ಮಾತ್ರ ಬಣ್ಣ ಹಚ್ಚಿದರೆ ಹೊಂದುವುದಿಲ್ಲ, ಇಡೀ ಕಟ್ಟಡಕ್ಕೆ ಹಚ್ಚಬೇಕು, ಈಗಿನ ಕೂಲಿಯಲ್ಲಿ ಅದಕ್ಕೆ ಅಡ್ವಾನ್ಸ್ ಸಾಲದು, ಆದರೂ ನಾವು ನಾವು ಅಲ್ವಾ, ಮೇಲೆ ಕೇಳುವುದಿಲ್ಲ ಎಂದು ಅವನು ಹೇಳಿದ. ಕರಾರಿನಲ್ಲಿ ಬರೆದದ್ದೇ ಇದೆ ಎಂದೂ ಹೇಳಿದ. ಹೇಳಿ, ಮನೆಯ ಕಡೆ ಬನ್ನಿ, ಜ್ಯೂಸ್ ಕುಡಿದು ಹೋಗಿ ಎಂದು ಕರೆದ. ನಡೆಯಲಾರದ ಹೆಂಗಸು ನೋವಿನಿಂದ ಗೋಡೆ ಹಿಡಿದದ್ದರ ಬೆಲೆ ಐವತ್ತು ಸಾವಿರ. ಯಾವ ನೋವಿಗಾಗಿ ಆ ಮನೆ ಬಿಡಬೇಕಾಯಿತೋ ಆ ನೋವಿನ ಗುರುತನ್ನೇ ತೋರಿಸಿ ಅವನು ಹಣ ಹಿಡಿದ.

ಕರಾರುಪತ್ರದ ಪ್ರತಿಯನ್ನು ತರಿಸಿ ಓದಿದೆ. ಅದರಲ್ಲಿದ್ದದ್ದು "ಸಾಧಾರಣ ತೇಯ್ಮಾನಂ ಕಳಿಚ್ಚ್" ಎಂಬ ಮಾತು. ತೇಯ್ಮಾನವೆಂದರೆ ಸವೆತ, ಅಕ್ಕಸಾಲಿಗನ ತೇಮಾನು ನಮಗೂ ಪರಿಚಿತವೇ. ಸಾಧಾರಣ ಸವೆತವನ್ನು ಬಿಟ್ಟು, ಬೇರೆ ಹಾನಿಯಾಗಿದ್ದರೆ ಮಾತ್ರ ಅದರ ವೆಚ್ಚ ಹಿಡಿದು, ಬಾಕಿ ಹಿಂದಿರುಗಿಸತಕ್ಕದ್ದು ಎಂಬುದು ವಾಕ್ಯದ ತಾತ್ಪರ್ಯ. ಗಂಗಾಧರ ಅದನ್ನು, ಸಾಧಾರಣ ಸವೆತದ ಹಣ ಹಿಡಿದು ಬಾಕಿ ಕೊಡತಕ್ಕದ್ದು ಎಂದು ಓದಿದ್ದ. "ಕಳಿಚ್ಚ್" ಎಂಬುದಕ್ಕೆ ಹೊರತುಪಡಿಸಿ ಎಂಬ ಅರ್ಥವೂ ಉಂಟು, ಕಡಿತ ಮಾಡಿ ಎಂಬ ಅರ್ಥವೂ ಉಂಟು. ನಮ್ಮ "ಕಳೆದು" ಎಂಬುದರ ಒಡಹುಟ್ಟು ಅದು. ಇಬ್ಬರಿಗೂ ಅದೇ ಇಬ್ಬಾಯಿ.

ನಿಘಂಟು ಹಿಡಿದುಕೊಂಡು ಗಂಗಾಧರನ ಮನೆಗೆ ಹೋದೆ. ಎದ್ದು ನಿಂತು ಬರಮಾಡಿಕೊಂಡ. ಕೇಳುವ ಮೊದಲೇ ಮೂಸಂಬಿ ಜ್ಯೂಸ್ ಬಂತು. ವಾಕ್ಯವನ್ನು ಬಿಡಿಸಿ ಹೇಳಿದೆ. "ಹಾನಿ" ಎಂಬ ಶಬ್ದ ಮುಂದೆ ಪ್ರತ್ಯೇಕವಾಗಿ ಬಂದಿರುವುದರಿಂದ ಸವೆತವನ್ನು ಅದರೊಳಗೆ ಸೇರಿಸುವಂತಿಲ್ಲ ಎಂದೆ. ಅವನು ಶಾಲೆಯ ಹುಡುಗನ ವಿನಯದಿಂದ ಕೇಳಿದ. ಕೊನೆಗೆ ಹೇಳಿದ: "ಸರ್, ನೀವು ಸತ್ತವರ ಕಾಗದ ಓದಿ ಅಭ್ಯಾಸ ಆದವರು. ಇದು ಜೀವ ಇರುವವರ ಎಗ್ರಿಮೆಂಟ್. ಎರಡು ಅರ್ಥ ಉಂಟು ಅಂತ ನೀವೇ ಹೇಳಿದ್ರಲ್ಲ, ಒಂದನ್ನು ನೀವು ಇಟ್ಟುಕೊಳ್ಳಿ." ಜ್ಯೂಸನ್ನು ಮುಟ್ಟದೆ ಎದ್ದು ಬಂದೆ. ಅದೊಂದೇ ನಾನು ಅವನಿಗೆ ಮಾಡಲು ಸಾಧ್ಯವಾದ ನಷ್ಟ.

ಸಾಮಾನುಗಳನ್ನು ನಮ್ಮ ಜಗಲಿಯಲ್ಲಿ ಒಟ್ಟಿ, ಗಂಡಹೆಂಡಿರು ನಮ್ಮ ಹೊರಕೋಣೆಯಲ್ಲಿದ್ದರು. ನಡೆದದ್ದನ್ನು ಹೇಳಿದೆ. ಲೀಲಕ್ಕ ಮೊಣಗಂಟು ತಿಕ್ಕುತ್ತ ಕೇಳಿ, ನಿಘಂಟಿನಲ್ಲಿ ಕಳಿಚ್ಚ್ ಎಂಬುದಕ್ಕೆ ಎಷ್ಟು ಅರ್ಥವಿದೆಯೆಂದು ವಿಚಾರಿಸಿದಳು. ಹೇಳಿದೆ. "ಮೂರನೆಯದು ಬಿಟ್ಟಿರಿ ಸರ್," ಎಂದಳು. "ಕಳಿಚ್ಚು ಅಂದ್ರೆ ಉಂಡಾಯ್ತು ಅಂತ. ಮಲೆಯಾಳದವರು ದಿನಾ ಕೇಳುದು ಅದನ್ನೇ ಅಲ್ವಾ, ಕಳಿಚ್ಚೋ, ಉಂಡಿರಾ ಅಂತ. ಅವ ತೇಯ್ಮಾನವನ್ನೂ ಕಳಿಚ್ಚ, ಬಾಕಿಯನ್ನೂ ಕಳಿಚ್ಚ." ದೂಮಪ್ಪಣ್ಣ ನಕ್ಕರು. ನನಗೆ ನಗಲಾಗಲಿಲ್ಲ.

ನಾನು ದೂರಿನ ಕರಡು ಸಿದ್ಧಪಡಿಸಿದೆ. ಅವರು ಸಹಿ ಹಾಕಲಿಲ್ಲ. "ಕೋರ್ಟಿನ ಬಸ್ಸಿಗೆ ಟೈಮಿಂಗ್ ಇಲ್ಲ ಸರ್. ಒಂದನೇ ತಾರೀಕಿಗೆ ಅದು ಬರುದಿಲ್ಲ." ನಾಯ್ಕಾಪಿನ ಮನೆಗೆ ಕಟ್ಟುವ ಹಣವನ್ನು ನಾನು ಕೊಡುತ್ತೇನೆಂದೆ. ಅವರು ಆ ಹಳೆಯ ಕಾನೂನನ್ನು ಹೇಳಿದರು: ಒಬ್ಬರ ಬಾಕಿ ಇನ್ನೊಬ್ಬರ ಹೆಗಲಿಗೆ ಕಟ್ಟುವ ಕ್ರಮ ಇಲ್ಲ. ನಾನು ಕೂಗಾಡಿದೆ. ನಿಮ್ಮ ಕ್ರಮ ಕಟ್ಟಿಕೊಂಡು ಆ ಹೆಂಗಸಿನ ಕಾಲು ಏನಾಗಬೇಕೆಂದು ಕೇಳಿದೆ. ನನ್ನ ಕೋಪ ಗಂಗಾಧರನ ಮೇಲೆ ಎಷ್ಟಿತ್ತೋ ದೂಮಪ್ಪಣ್ಣನವರ ಮೇಲೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದನ್ನು ಹಿಂತೆಗೆದುಕೊಳ್ಳುವ ಕಾರಣ ಇಂದಿಗೂ ನನಗೆ ಕಂಡಿಲ್ಲ.

ಅವರು ಮಾಡಿದ್ದು ಇಷ್ಟೆ. ಬೆಳಿಗ್ಗೆ ಗಂಗಾಧರನ ಜಗಲಿಯ ಮೆಟ್ಟಿಲಲ್ಲಿ ಹೋಗಿ ಕುಳಿತುಕೊಳ್ಳುತ್ತಿದ್ದರು. ಕುರ್ಚಿ ಕೊಟ್ಟರೆ ಬೇಡ, ಜ್ಯೂಸ್ ಕೊಟ್ಟರೆ ಬೇಡ. ಗಂಗಾಧರ ಹೊರಗೆ ಬಂದಾಗ "ಬಾಕಿ ಉಂಟು" ಎನ್ನುವುದು. ಅವನು ನಾವು ನಾವು ಅಲ್ವಾ ಎನ್ನುವುದು. ಇವರು ಎದ್ದು ಬರುವುದು. ಬಸ್ಸಿನಲ್ಲಿ ಬಾಕಿಗಾಗಿ ಪ್ರಯಾಣಿಕ ಎರಡನೆಯ ಸಲ ಬಾಯಿ ತೆರೆದರೆ ಅದು ಕಂಡಕ್ಟರನಿಗೆ ನಾಚಿಕೆಯೆಂದು ನಂಬಿದ್ದ ಮನುಷ್ಯ, ಎಲ್ಲರಿಗೂ ಆ ನಾಚಿಕೆ ಇದ್ದೇ ಇರುತ್ತದೆಂದು ಎಣಿಸಿದ್ದರು.

ಒಂದನೆಯ ತಾರೀಕು ಬಂತು, ಹೋಯಿತು. ಟೀಚರು ಇನ್ನೆರಡು ದಿನ ಕಾದು, ಬೇಸರದಿಂದಲೇ ಮನೆಯನ್ನು ಬೇರೆಯವರಿಗೆ ಕೊಟ್ಟರು. ನಮ್ಮ ಹೊರಕೋಣೆಯಲ್ಲಿ ಎಷ್ಟು ದಿನ ಬೇಕಾದರೂ ಇರಿ ಎಂದರೂ ಕೇಳದೆ ದೂಮಪ್ಪಣ್ಣ ಹೆಂಡತಿಯನ್ನು ಕರೆದುಕೊಂಡು ದೇಲಂಪಾಡಿಯಲ್ಲಿದ್ದ ಅವಳ ತಂಗಿಯ ಮನೆಗೆ ಹೋದರು. ಕಾಡಿನಂಚಿನ ಏರಿನ ಮೇಲಿನ ಮನೆ. ಕೆಳಗಿನ ಮಾರ್ಗಕ್ಕೆ ಮಣ್ಣು ಕಡಿದು ಮಾಡಿದ ಮೆಟ್ಟಿಲು. ಮೆಟ್ಟಿಲು ಹತ್ತಲಾಗದೆಂದು ಮನೆ ಬಿಟ್ಟವಳನ್ನು ಅದರ ಮೂರರಷ್ಟು ಮೆಟ್ಟಿಲು ಹೊತ್ತುಕೊಂಡು ಹೋಗಿ ಮೇಲೆ ಕುಳ್ಳಿರಿಸಲಾಯಿತು. ಹಾಗೆ ಹತ್ತಿದ ಲೀಲಕ್ಕ ಮತ್ತೆ ತನ್ನ ಕಾಲಿನಲ್ಲಿ ಕೆಳಗೆ ಇಳಿದಿಲ್ಲ.

ಕ್ವಾರ್ಟರ್ಸಿಗೆ ಹೊಸಬರು ಬಂದರು. ಅವರ ಮಗುವಿನ ಚೆಂಡು ನಮ್ಮ ಅಂಗಳಕ್ಕೆ ಬಿದ್ದಾಗ ಅದನ್ನು ಕೊಡುವ ನೆಪದಲ್ಲಿ ಮೆಟ್ಟಿಲು ಹತ್ತಿದೆ. ಗೋಡೆಗೆ ಬಣ್ಣ ಬಿದ್ದಿರಲಿಲ್ಲ. ಲೀಲಕ್ಕನ ಪಟ್ಟಿ ಕೆಳಗಿನಿಂದ ಮೇಲಿನವರೆಗೆ ಹಾಗೆಯೇ ಇತ್ತು, ಅಂಗೈಗಳೂ ಇದ್ದವು. ಹೊಸ ಬಾಡಿಗೆದಾರ ಒಳ್ಳೆಯ ಯುವಕ. ಬರುವ ಮೊದಲು ಬಣ್ಣ ಹಚ್ಚಿಸಿಕೊಡಿ ಎಂದು ಅವನು ಕೇಳಿದ್ದನಂತೆ. ಗಂಗಾಧರ ಏನೆಂದನೆಂದು ವಿಚಾರಿಸಿದೆ.

"ಇದೆಲ್ಲ ಸಾಧಾರಣ ತೇಯ್ಮಾನ, ಇದಕ್ಕೆ ಪೈಂಟ್ ಮಾಡುವ ಕ್ರಮ ಇಲ್ಲ ಅಂದ್ರು ಸರ್."

ಚೆಂಡನ್ನು ಅವನ ಕೈಗೆ ಕೊಟ್ಟು ಇಳಿದೆ. ಇಳಿಯುವಾಗ ಗೋಡೆ ಹಿಡಿಯಬೇಕಾಯಿತು. ಎಲ್ಲಿ ಹಿಡಿದೆನೆಂದು ನೋಡಿಕೊಂಡೆ.

ಇದನ್ನು ಹೇಳಲೆಂದೇ ದೇಲಂಪಾಡಿಗೆ ಹೋದೆ. ದೂರಿಗೆ ಈಗಲಾದರೂ ಸಹಿ ಹಾಕಿ, ಸಾಕ್ಷಿ ಗೋಡೆಯ ಮೇಲೆಯೇ ಇದೆ ಎಂದೆ. ದೂಮಪ್ಪಣ್ಣ ಬಹಳ ಇಳಿದುಹೋಗಿದ್ದರು. ನನ್ನ ಬಸ್ ಟಿಕೇಟನ್ನು ಕೈಗೆ ತೆಗೆದುಕೊಂಡು ಉದ್ದಕ್ಕೆ ಮಡಚುತ್ತ ಕುಳಿತರು. ಎಡಗೈಯ ಬೆರಳುಗಳ ಸಂದು ಖಾಲಿಯಿತ್ತು.

"ಹಾಗಾದ್ರೆ ಲೀಲನ ಕೈ ಅಲ್ಲೇ ಉಂಟಾ?"

"ಉಂಟು."

"ಪೈಂಟ್ ಮಾಡಲಿಲ್ಲ."

"ಇಲ್ಲ."

ಟಿಕೇಟನ್ನು ಇನ್ನೊಮ್ಮೆ ಮಡಚಿದರು.

"ನಾನು ಅವನನ್ನು ಕಂಡಕ್ಟರ್ ಅಂತ ಎಣಿಸಿದ್ದು ಸರ್. ಅವ ಪಿಕ್‌ಪಾಕೆಟ್." ಹಾಗೆಂದು ಕರಡು ಕೇಳಿ ತೆಗೆದುಕೊಂಡು, ದೊಡ್ಡದಾಗಿ ಕನ್ನಡದಲ್ಲಿ ಸಹಿ ಹಾಕಿದರು.

ಮರಳುವಾಗ ಬೇಡವೆಂದರೂ ಆ ಮೆಟ್ಟಿಲುಗಳನ್ನು ಇಳಿದು ಮಾರ್ಗದವರೆಗೆ ಬಂದರು. ಮುಳ್ಳೇರಿಯದ ಕಡೆಯ ಬಸ್ಸಿಗೆ ಕೈ ಅಡ್ಡ ಹಿಡಿದರು. ನಾನು ಹತ್ತಿದ ಮೇಲೆ ಕಂಡಕ್ಟರನಿಗೆ ಕೆಳಗಿನಿಂದಲೇ ಹೇಳಿದರು: "ಸರ್ ಹತ್ತಿರ ನೂರರದ್ದು ಮಾತ್ರ ಉಂಟು. ಬಾಕಿ ಈಗಲೇ ಕೊಟ್ಟುಬಿಡು ಮಾರಾಯ, ಇಳಿಯುವಾಗ ಅಂತ ಹೇಳ್ಬೇಡ." ಮತ್ತೆ ಬಸ್ಸಿನ ಬದಿಗೆ ಎರಡು ಪೆಟ್ಟು ಹೊಡೆದು, "ರೈಟ್, ಪೋಯಿ" ಎಂದು ಬಸ್ಸನ್ನು ಹೊರಡಿಸಿದರು. ಅವರ ದನಿಯನ್ನು ಕೇಳಿದ್ದು ಅದೇ ಕೊನೆ. ದೂರು ದಾಖಲಾಗಿ, ಗಂಗಾಧರನಿಗೆ ನೋಟೀಸು ತಲುಪಿದ್ದಷ್ಟೇ. ಆಟಿ ತಿಂಗಳ ಮಳೆಯಲ್ಲಿ ಒಂದು ಮುಂಜಾನೆ ಎದೆನೋವೆಂದು ಕುಳಿತವರು ಏಳಲಿಲ್ಲ. ಕೆಳಗಿನ ಮಾರ್ಗಕ್ಕೆ ಹೊತ್ತು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹದಿಮೂರನೆಯ ದಿನದ ಬೊಜ್ಜಕ್ಕೆ, ಉತ್ತರಕ್ರಿಯೆಯ ಊಟಕ್ಕೆ, ನಾನೂ ನನ್ನ ಹೆಂಡತಿಯೂ ಹೋದೆವು. ಗಂಗಾಧರನೂ ಬಂದಿದ್ದ. ಬಿಳಿ ಅಂಗಿ ತೊಟ್ಟು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು, ದೂಮಣ್ಣನಂಥ ಬಾಡಿಗೆದಾರ ಇನ್ನು ಸಿಗಲಿಕ್ಕಿಲ್ಲ, ಅಷ್ಟು ವರ್ಷದಲ್ಲಿ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ ಎಂದು ಸುತ್ತಲಿನವರಿಗೆ ಹೇಳುತ್ತಿದ್ದ. ಸುಳ್ಳಲ್ಲ. ಮೊದಲ ಪಂಕ್ತಿಯಲ್ಲಿಯೇ ಉಂಡ. ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡ.

ಕೈ ತೊಳೆದು, ಹೇಳಿಹೋಗಲೆಂದು ಲೀಲಕ್ಕನ ಬಳಿಗೆ ಬಂದ. ಅವಳು ಒಳಬಾಗಿಲ ಪಕ್ಕ ಕುರ್ಚಿಯಲ್ಲಿದ್ದಳು, ಮೊಣಗಂಟಿನ ಮೇಲೆ ಕೈ ಇತ್ತು. ಗಂಗಾಧರ ಜೇಬಿಗೆ ಕೈ ಹಾಕಿದ. ಬಾಯಾರುಪದವಿನ ಸಾವಿನ ಮನೆಯ ಆ ನಾಲ್ಕು ರೂಪಾಯಿ ನನ್ನ ಕಣ್ಣೆದುರು ಬಂತು. ಮನುಷ್ಯನಲ್ಲವೇ, ಒಂದು ಕ್ಷಣ ನಾನೂ ನಂಬಿದೆ. ಜೇಬಿನಿಂದ ಹೊರಗೆ ಬಂದದ್ದು ಕಾರಿನ ಬೀಗದ ಕೈ.

ಲೀಲಕ್ಕ ಅವನೊಡನೆ ಎಂದೂ ತುಳುವಿನ ಹೊರತು ಬೇರೆ ಭಾಷೆ ಆಡಿದವಳಲ್ಲ. ಅಂದು ತಲೆಯೆತ್ತಿ, ಇಡೀ ಚಾವಡಿಗೆ ಕೇಳುವಂತೆ, ಮಲೆಯಾಳದಲ್ಲಿ ಕೇಳಿದಳು:

"ಗಂಗಾಧರಾ, ಕಳಿಚ್ಚೋ?"

ನೆಂಟರಿಗೆ ಅದು ಉಪಚಾರದ ಮಾತಾಗಿ ಕೇಳಿಸಿತು. ಅವನಿಗೂ ಹಾಗೆಯೇ ಕೇಳಿಸಿರಬೇಕು. ಉತ್ತರ ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು.

"ಕಳಿಚ್ಚು" ಎಂದ.

ಹೇಳಿದ ಮೇಲೆ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಬೀಗದ ಕೈ ಅವನ ಬೆರಳ ಸಂದಿನಲ್ಲಿ ಹಾಗೆಯೇ ನಿಂತಿತ್ತು. ನಾನು ಬರೆದದ್ದರಲ್ಲಿ ಎರಡನೆಯ ಆಧಾರ ಬೇಡದ ಮಾತು ಅವನ ಬಾಯಿಂದಲೇ ಬಂದ ಇದೊಂದೇ.